ರೂಟರ್ ಕೊಳ್ಳುವವರ ಕೈಪಿಡಿ (ಮಲೇಷ್ಯಾ ಕನ್ನಡಿಗರ ಆವೃತ್ತಿ)

ಅಭಿನಂದನೆಗಳು! ಇಂಟರ್‌ನೆಟ್ ಕಂಪನಿಯವರು ಕನೆಕ್ಷನ್ ಜೊತೆ ಕೊಟ್ಟ ರೂಟರಿಗೆ ಮನಸಾರೆ ಶಾಪ ಹಾಕಿ, ಸ್ವಂತ ದುಡ್ಡಿನಲ್ಲಿ ಹೊಸದನ್ನು ತರಲು ನೀವು ತೀರ್ಮಾನಿಸಿದ್ದೀರಿ. ಕೌಲಾಲಂಪುರ, ಪೆಟಾಲಿಂಗ್ ಜಯ, ಸೈಬರ್‌ಜಯದ ಕನ್ನಡ ಮನೆಗಳಿಗೆಂದೇ ಸಿದ್ಧವಾದ ಕೈಪಿಡಿ ಇದು. ಬಳಸುವ ಮುನ್ನ ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತಿರುವುದರಿಂದ ಮುಖ್ಯ ವಿಷಯಗಳನ್ನು ಮಧ್ಯದಲ್ಲೆಲ್ಲೋ ಹಾಕಿದ್ದೇವೆ.

1. ಬ್ರಾಂಡ್ ಆರಿಸುವುದು

ಶನಿವಾರ ಸಂಜೆ ಬುಕಿಟ್ ಬಿಂತಾಂಗ್‌ನ ಪ್ಲಾಜಾ ಲೋ ಯಾಟ್‌ಗೆ ಹೋಗಿ. ಅಂಗಡಿಯ ಹುಡುಗ, "ಬಾಸ್, ಮನೆ ಎಷ್ಟು ದೊಡ್ಡದು?" ಎಂದು ಕೇಳುತ್ತಾನೆ. ಆ ಕಟ್ಟಡದಲ್ಲಿ ಆ ದಿನ ಯಾರಾದರೂ ಕೇಳುವ ಅತ್ಯಂತ ಬುದ್ಧಿವಂತ ಪ್ರಶ್ನೆ ಅದು. ಉತ್ತರ ಕೊಡಬೇಡಿ. "ಯಾವ ಬ್ರಾಂಡ್ ಒಳ್ಳೆಯದು?" ಎಂದು ತಿರುಗಿ ಕೇಳಿ.

ಟಿಪಿ-ಲಿಂಕ್: 1996ರಲ್ಲಿ ಚೀನಾದ ಶೆಂಜೆನ್‌ನಲ್ಲಿ ಹುಟ್ಟಿದ್ದು. ಕೈಗೆಟಕುವ ಬೆಲೆ. ಮನೆಯ ಬೇರೆಬೇರೆ ಮೂಲೆಯಲ್ಲಿಟ್ಟು ಒಂದೇ ವೈಫೈ ಹರಡುವ, ಬಿಳಿ ಡಬ್ಬಿಗಳಂತಿರುವ ಇದರ ಡೆಕೊ ಮೆಶ್ ಸೆಟ್ಟುಗಳನ್ನು ಮೊಬೈಲ್ ಆ್ಯಪಿನಲ್ಲಿ ಅಮ್ಮನೂ ಹೊಂದಿಸಬಲ್ಲರು.

ಆಸುಸ್: ತೈವಾನಿನದು. ಸೆಟ್ಟಿಂಗುಗಳು ಲೆಕ್ಕವಿಲ್ಲದಷ್ಟು. ಒಂದೊಂದನ್ನೂ ಬದಲಿಸಿ ನೋಡುವ ಚಪಲವಿರುವ ಅಳಿಯಂದಿರಿಗೆ ಹೇಳಿ ಮಾಡಿಸಿದ್ದು.

ಡಿ-ಲಿಂಕ್: ಇದೂ ತೈವಾನಿನದೇ. 2010ರಲ್ಲಿ ಟೆಲಿಕಾಂ ಮಲೇಷ್ಯಾ ತನ್ನ ಯುನಿಫೈ ಫೈಬರ್ ಸೇವೆ ಶುರುಮಾಡಿದಾಗ ಮನೆಮನೆಗೆ ಬಂದಿಳಿದದ್ದು ಇದರ ಡಿಐಆರ್-615. ಆಗ ಶುರುವಿನ ಪ್ಲಾನು ಸೆಕೆಂಡಿಗೆ 5 ಮೆಗಾಬಿಟ್. ಅದನ್ನೇ ಮಿಂಚಿನ ವೇಗವೆಂದು ಊರೆಲ್ಲ ಕೊಂಡಾಡಿತ್ತು.

ಲಿಂಕ್‌ಸಿಸ್: 2003ರಲ್ಲಿ ಸಿಸ್ಕೊ, 2013ರಲ್ಲಿ ಬೆಲ್ಕಿನ್, 2018ರಲ್ಲಿ ಫಾಕ್ಸ್‌ಕಾನ್ ಹೀಗೆ ಮನೆ ಬದಲಿಸುತ್ತ ಬಂದದ್ದು. "ನಮ್ಮ ಕಾಲದಲ್ಲಿ ಲಿಂಕ್‌ಸಿಸ್ ಅಂದ್ರೆ..." ಎಂದು ಮಾತು ತೆಗೆಯುವ ಹಿರಿಯರ ಜೊತೆ ವಾದಕ್ಕಿಳಿಯಬೇಡಿ.

ಮೈಕ್ರೋಟಿಕ್: ಲಾಟ್ವಿಯಾದ್ದು. ಗಟ್ಟಿ ಸಾಮಾನು. ಮನೆಯಲ್ಲೊಬ್ಬರು ನೆಟ್‌ವರ್ಕ್ ಎಂಜಿನಿಯರ್ ಇದ್ದರೆ ಅವರಿಗೆ ಹಬ್ಬ, ಉಳಿದವರಿಗೆ ಏಕಾದಶಿ.

ಎಚ್ಚರಿಕೆ: "ನಮ್ಮ ಬ್ರಾಂಡಿಗೆ ಏನೂ ಆಗಲ್ಲ" ಎನ್ನುವ ಮುನ್ನ 2018ರ ಮೇ ತಿಂಗಳನ್ನು ನೆನೆಯಿರಿ. ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳೊಳಗೆ ಹೊಕ್ಕಿತ್ತು. ಮೊದಲ ಪಟ್ಟಿಯಲ್ಲಿ ಲಿಂಕ್‌ಸಿಸ್, ಮೈಕ್ರೋಟಿಕ್, ನೆಟ್‌ಗಿಯರ್, ಟಿಪಿ-ಲಿಂಕ್ ಇದ್ದವು. ಎರಡು ವಾರ ಕಳೆಯುವುದರೊಳಗೆ ಆಸುಸ್, ಡಿ-ಲಿಂಕ್, ಹುವಾವೇ ಕೂಡ ಸೇರಿದವು. ಅಮೆರಿಕದ ಎಫ್‌ಬಿಐ ಜನರಿಗೆ ಕೊಟ್ಟ ಸಲಹೆಯೇನು ಗೊತ್ತೇ? ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಿಮ್ಮ ಮಗ ದಿನಾ ಹೇಳುವುದೂ ಅದನ್ನೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಮಾಡೆಲ್‌ಗೆ ಕಂಪನಿ ಇನ್ನೂ ಎಷ್ಟು ವರ್ಷ ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತದೆ? ಅಪ್‌ಡೇಟ್ ನಿಂತ ರೂಟರ್ ಯಾವ ದೊಡ್ಡ ಹೆಸರಿನದಾದರೂ ಅಗುಳಿ ಹಾಕದ ಬಾಗಿಲೇ ಸರಿ. ರೂಟರನ್ನು ಮಗುಚಿ ತಳದ ಚೀಟಿಯಲ್ಲಿರುವ ಹಾರ್ಡ್‌ವೇರ್ ವರ್ಷನ್ ಓದಿ. ಒಂದೇ ಹೆಸರಿನ ಮಾಡೆಲ್ ಒಳಗೆ ವರ್ಷನ್ನಿಗೊಂದು ಚಿಪ್ ಇರಬಹುದು, ಆಗ ಫರ್ಮ್‌ವೇರೂ ಬೇರೆ. ಅಂದಹಾಗೆ, ಈ ಕೈಪಿಡಿಯಲ್ಲಿ ಅಡಗಿಸಿಟ್ಟ ಮುಖ್ಯ ವಿಷಯ ಇದೇ.

2. ಡಬ್ಬದ ಮೇಲಿನ ಅಂಕಿ ಓದುವ ಕ್ರಮ

"ಎಎಕ್ಸ್3000" ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನ 574 ಮೆಗಾಬಿಟ್, 5 ಗಿಗಾಹರ್ಟ್ಸ್ ಬ್ಯಾಂಡಿನ 2402, ಎರಡನ್ನೂ ಕೂಡಿಸಿ ಮೇಲಕ್ಕೆ ದುಂಡು ಮಾಡಿದ್ದು. ಅಣ್ಣನ ಅಂಕಕ್ಕೆ ತಮ್ಮನ ಅಂಕ ಸೇರಿಸಿ "ನಮ್ಮ ಹುಡುಗನಿಗೆ ನೂರಕ್ಕೆ ನೂರಾ ಅರವತ್ತು" ಅಂದಂತೆ. ನಿಮ್ಮ ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಬ್ಯಾಂಡಿನಲ್ಲಿರುತ್ತದೆ. ಜೊತೆಗೆ ನೀವು ದುಡ್ಡು ಕಟ್ಟುತ್ತಿರುವುದು 100 ಮೆಗಾಬಿಟ್ ಪ್ಲಾನಿಗಾದರೆ ಡಬ್ಬದ ಮೂರು ಸಾವಿರ ಡಬ್ಬದ ಮೇಲೆಯೇ ಉಳಿಯುತ್ತದೆ.

ಇದರ ತಿರುಗುಮುರುಗೂ ಉಂಟು. ಅಗ್ಗದ ಕೆಲವು ರೂಟರುಗಳ ಹಿಂಬದಿಯ ಪೋರ್ಟ್ 100 ಮೆಗಾಬಿಟ್‌ಗೇ ನಿಲ್ಲುತ್ತದೆ. 500ರ ಪ್ಲಾನ್ ಹಾಕಿಸಿ ಇಂಥದ್ದನ್ನು ಜೋಡಿಸಿದರೆ ಉಳಿದ 400 ಪ್ರತಿ ತಿಂಗಳೂ ಕಂಪನಿಗೆ ನೀವು ಕೊಡುವ ದಾನ. ಗಿಗಾಬಿಟ್ ಪೋರ್ಟ್ ಇದೆಯೇ ನೋಡಿಕೊಳ್ಳಿ. ಆಂಟೆನಾ ಎಣಿಸುತ್ತ ನಿಲ್ಲಬೇಡಿ.

3. ಜೋಡಿಸುವುದು

ಹಂತ ಒಂದು: ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಅಣ್ಣ ಕೊಂಡು ಕಳಿಸಿದ ರೂಟರಾದರೆ ಪ್ಲಗ್ ಸಿಕ್ಕಿಸಲು ನೋಡಿ. ಸಿಕ್ಕದು. ಇಲ್ಲಿಯದು ಬ್ರಿಟಿಷರು ಬಿಟ್ಟುಹೋದ ಮೂರು ಚಪ್ಪಟೆ ಕಡ್ಡಿಯ ಪ್ಲಗ್. ಮಲೇಷ್ಯಾದಲ್ಲಿ ಮಾರುವ ವೈಫೈ ಸಾಧನಕ್ಕೆ ಸಂಪರ್ಕ ಆಯೋಗವಾದ ಎಂಸಿಎಂಸಿಯ ಪ್ರಮಾಣೀಕರಣ ಬೇರೆ ಬೇಕು. ಉಳಿಸಿದ ದುಡ್ಡು ಅಡಾಪ್ಟರಿಗೆ ಸಮವಾಯಿತು.

ಹಂತ ಎರಡು: ಎಲ್ಲ ತಂತಿಗಳನ್ನು ಸರಿಯಾಗಿ ಸಿಕ್ಕಿಸಿ. ಎಲ್ಲ ದೀಪಗಳೂ ಹತ್ತುತ್ತವೆ. ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಹೊಸ ರೂಟರ್ ಕೆಟ್ಟದ್ದೆಂದು ಹಿಂದಿರುಗಿಸಲು ಹೊರಡಬೇಡಿ. ಯುನಿಫೈ ತನ್ನ ಇಂಟರ್‌ನೆಟ್ಟನ್ನು 500 ಎಂಬ ವಿಎಲ್ಎಎನ್ ಸಂಖ್ಯೆ ಹಚ್ಚಿ ಕಳಿಸುತ್ತದೆ, ಟಿವಿಗೆ 600. ಟೆಲಿಕಾಂ ಮಲೇಷ್ಯಾದ ಅದೇ ಫೈಬರಿನಲ್ಲಿ ಮ್ಯಾಕ್ಸಿಸ್ ಸೇವೆ ಪಡೆದವರಿಗೆ 621. ರೂಟರಿಗೆ ಈ ಸಂಖ್ಯೆ ಹೇಳದಿದ್ದರೆ ಬಾಗಿಲಿಗೆ ಬಂದ ಇಂಟರ್‌ನೆಟ್ಟನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸೆಟ್ಟಿಂಗಿನಲ್ಲಿ "ಐಪಿಟಿವಿ" ಎಂಬಲ್ಲಿಗೆ ಹೋಗಿ. ಮನೆಯಲ್ಲಿ ಟಿವಿಯೇ ಇಲ್ಲದಿದ್ದರೂ ಅಲ್ಲಿಗೇ ಹೋಗಬೇಕು. ಟಿಪಿ-ಲಿಂಕ್, ಆಸುಸ್ ಎರಡರಲ್ಲೂ ಯುನಿಫೈ ಎಂಬ ಸಿದ್ಧ ಆಯ್ಕೆ ಸಿಗುತ್ತದೆ. ಒತ್ತಿ, ಆಮೇಲೆ ಕಂಪನಿ ಕೊಟ್ಟ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ. ಆ ಪಾಸ್‌ವರ್ಡ್ ಬರೆದುಕೊಂಡಿದ್ದ ಚೀಟಿ ಹುಡುಕಲು ಒಂದು ಭಾನುವಾರ ಮೀಸಲಿಡಿ.

4. ಇಡುವ ಜಾಗ

ಇಲ್ಲಿಯ ಸಾಲುಮನೆಗಳು ಸಾಮಾನ್ಯವಾಗಿ 20 ಅಡಿ ಅಗಲ, 70 ಅಡಿ ಉದ್ದ, ಇಟ್ಟಿಗೆ ಗೋಡೆ. ಫೈಬರ್ ಬರುವುದು ಎದುರಿನ ಹಾಲಿಗೆ. ಅಡುಗೆಮನೆ ಇರುವುದು ಹಿಂದಿನ ತುದಿಗೆ. 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಇಟ್ಟಿಗೆ ಗೋಡೆ ದಾಟುವಷ್ಟರಲ್ಲಿ ಉಸ್ಸಪ್ಪಾ ಎಂದು ಕೂರುತ್ತದೆ. ಇಲ್ಲಿ ರಾತ್ರಿ ಎಂಟಾದಾಗ ಊರಲ್ಲಿ ಸಂಜೆ ಐದೂವರೆ. ಕಾಫಿ ಲೋಟ ಹಿಡಿದ ಅತ್ತೆ ವಿಡಿಯೋ ಕಾಲ್ ಮಾಡುತ್ತಾರೆ. ನೀವು ಒಗ್ಗರಣೆ ಮುಂದೆ ನಿಂತಿರುತ್ತೀರಿ. "ಏನೇ ಇದು, ಬಾಯಿ ತೆರೆದಂಗೇ ನಿಂತುಬಿಟ್ಯಲ್ಲ!" ಅನ್ನುತ್ತಾರೆ ಅತ್ತೆ. ಇಷ್ಟಾದ ಮೇಲೂ ಬೈಗುಳ ತಿನ್ನುವುದು ಬ್ರಾಂಡ್. ಕುಣಿಯಲಾರದವಳಿಗೆ ನೆಲ ಡೊಂಕು.

ಕಣ್ಣಿಗೆ ಚೆಂದ ಕಾಣುವುದಿಲ್ಲವೆಂದು ಶೂ ರ‍್ಯಾಕಿನೊಳಗೋ ಟಿವಿಯ ಬೆನ್ನಿಗೋ ರೂಟರ್ ಇಡಬೇಡಿ. ಆಯುಧಪೂಜೆಗೆ ಅರಿಸಿನ ಕುಂಕುಮ ಹಚ್ಚುವವರು ಗಾಳಿಯಾಡುವ ಕಿಂಡಿಗಳನ್ನು ಬಿಟ್ಟು ಹಚ್ಚಿ. ಬೆಚ್ಚಗಿನ ಪೆಟ್ಟಿಗೆಯೆಂದು ಹಲ್ಲಿಗಳು ಅಲ್ಲಿಗೆ ಬರುತ್ತವೆ. ಗೋಡೆಯ ಮೇಲೆ ಲೊಚಗುಟ್ಟಿದರೆ ಶಕುನ. ರೂಟರಿನೊಳಗೆ ಲೊಚಗುಟ್ಟಿದರೆ ಹೊಸ ರೂಟರ್.

5. ಸಿಡಿಲು

ಜಗತ್ತಿನಲ್ಲಿ ಅತಿ ಹೆಚ್ಚು ಸಿಡಿಲು ಬಡಿಯುವ ಸೀಮೆಗಳಲ್ಲಿ ಕೌಲಾಲಂಪುರದ ಸುತ್ತಲಿನದೂ ಒಂದು. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಏಟು ಬರುವುದು ಕರೆಂಟಿನ ತಂತಿಯಲ್ಲಿ. ಸರ್ಜ್ ತಡೆಯುವ ಪ್ಲಗ್ ಹಾಕಿ. ದೀಪಾವಳಿಗೆ ಊರಿಗೆ ಹೋದಾಗ ಮಧ್ಯಾಹ್ನದ ಗುಡುಗಿಗೆ ಮನೆಯ ಬ್ರೇಕರ್ ಬಿದ್ದರೆ ರೂಟರಿನ ಜೊತೆ ಕ್ಯಾಮೆರಾವೂ ಮಲಗುತ್ತದೆ, ಫ್ರಿಜ್ಜಿನ ದೋಸೆಹಿಟ್ಟಿನ ಗತಿಯೂ ಅಷ್ಟೇ. ಬ್ರೇಕರ್ ಮತ್ತೆ ಮೇಲೆತ್ತಲೆಂದು ಪಕ್ಕದ ಮನೆಯವರಿಗೆ ಒಂದು ಕೀಲಿ ಕೊಟ್ಟಿರಿ. ಈ ಸೌಲಭ್ಯವನ್ನು ಯಾವ ಬ್ರಾಂಡೂ ಕೊಡುವುದಿಲ್ಲ.

6. ದೋಷ ನಿವಾರಣೆ

ಫೈಬರ್ ಪೆಟ್ಟಿಗೆಯಲ್ಲಿ "ಎಲ್ಒಎಸ್" ದೀಪ ಕೆಂಪಾಗಿದೆ: ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ. ರೂಟರ್ ನಿರಪರಾಧಿ. ಕಂಪನಿಗೆ ಫೋನ್ ಮಾಡಿ.

ಹಾಲಿನಲ್ಲಿ ಬರುತ್ತದೆ, ಮಲಗುವ ಕೋಣೆಯಲ್ಲಿ ಇಲ್ಲ: ನಾಲ್ಕನೇ ಭಾಗ ಮತ್ತೆ ಓದಿ.

ಕಾಂಡೋದಲ್ಲಿ ಸಂಜೆ ಮಾತ್ರ ನಿಧಾನ: 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಅವನ್ನು ಇಡೀ ಕಟ್ಟಡ ಹಂಚಿಕೊಂಡಿದೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಎಲ್ಲವೂ ಸರಿಯಾಗಿದೆ: ಮಗ ಏನೋ ಡೌನ್‌ಲೋಡ್ ಮುಗಿಸಿದ್ದಾನೆ.

7. ವಾರಂಟಿ

ಹಲ್ಲಿ, ಸಿಡಿಲು, ಕುಂಕುಮ, ಭಾವಮೈದುನನ ಶಿಫಾರಸು ಇವುಗಳಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲ. ನಾಲ್ಕು ತಿಂಗಳು ಬ್ರಾಂಡ್ ಹೋಲಿಸಿ ಕಳೆದ ಸಮಯವೂ ವಾಪಸ್ ಸಿಗುವುದಿಲ್ಲ. ಮಧ್ಯಮ ಬೆಲೆಯ, ಅಪ್‌ಡೇಟ್ ಇನ್ನೂ ಬರುತ್ತಿರುವ ಯಾವುದಾದರೊಂದನ್ನು ತಂದು, ಉಳಿದ ರಿಂಗಿಟ್‌ನಲ್ಲಿ ಹಾಲಿನಿಂದ ಹಿಂದಿನ ಕೋಣೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ, ಆ ತುದಿಗೆ ಎರಡನೇ ಮೆಶ್ ಡಬ್ಬಿ ಇಡಿ. ಕೇಬಲ್ ಯಾವ ಬ್ರಾಂಡಿನದು ಒಳ್ಳೆಯದು ಎಂದು ಕೇಳುವವರಿಗೆ ಪ್ರತ್ಯೇಕ ಕೈಪಿಡಿ ಅಚ್ಚಿನಲ್ಲಿದೆ.