ಯೋಗನಂದಿಯ ಜಾತ್ರೆ, ಭೋಗನಂದಿಯ ಏಕಾಂತ

ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಬೇಕೆಂಬ ನಿಯಮವನ್ನು ಯಾವ ಪುಣ್ಯಾತ್ಮರು ಮಾಡಿದರೋ, ಅವರಿಗೆ ಬೆಂಗಳೂರಿನ ಸಂಸಾರವಂದಿಗರ ಪರಿಚಯವಿರಲಿಲ್ಲವೆಂಬುದು ನಿಸ್ಸಂಶಯ. ಈ ಊರಿನಲ್ಲಿ ವಿಶ್ರಾಂತಿಯು ಮನೆಯೊಳಗೆ ದೊರೆಯತಕ್ಕ ಪದಾರ್ಥವೇ ಅಲ್ಲವೆಂದೂ, ನಸುಕಿನಲ್ಲೆದ್ದು ದೂರದ ಬೆಟ್ಟವನ್ನೋ ಜಲಪಾತವನ್ನೋ ಸಾಕ್ಷಿಯಾಗಿಟ್ಟುಕೊಂಡು ಅದನ್ನು ಸಂಪಾದಿಸಿ, ಕತ್ತಲಾಗುವುದರೊಳಗೆ ಮನೆಗೆ ಹೊತ್ತು ತರಬೇಕೆಂದೂ ಸಕಲರೂ ಒಮ್ಮತದಿಂದ ನಂಬಿದ್ದಾರೆ. ಸೋಮವಾರದ ದಿನ ಕಚೇರಿಗಳಲ್ಲಿ ಕೇಳಿಬರುವ ಆಕಳಿಕೆಗಳೆಲ್ಲ ಈ ಸಂಪಾದನೆಯ ಮೇಲಿನ ಬಡ್ಡಿ.

ಆದಕಾರಣ ಶುಕ್ರವಾರದ ರಾತ್ರಿ ಊಟವಾದೊಡನೆ ನಮ್ಮ ನಡುಮನೆಯಲ್ಲಿ ಮಹಾಸಭೆಯೊಂದು ನೆರೆಯುತ್ತದೆ; "ಈ ವಾರ ಎಲ್ಲಿಗೆ?" ಎಂಬ ಏಕಮಾತ್ರ ವಿಷಯದ ಮೇಲೆ ಅದು ನಡುರಾತ್ರಿಯವರೆಗೆ ವಿಚಾರ ನಡೆಸುತ್ತದೆ. ಸೋದರಮಾವನವರು ಶ್ರವಣಬೆಳಗೊಳವನ್ನು ಸೂಚಿಸುತ್ತಾರೆ. ಐವತ್ತೆಂಟು ಅಡಿಯ ಗೊಮ್ಮಟನಲ್ಲಿ ಎಲ್ಲರಿಗೂ ಅಪಾರ ಗೌರವವುಂಟು. ಆದರೆ ಅವನ ಪಾದದವರೆಗೆ ಬರಿಗಾಲಿನಲ್ಲಿ ಏರತಕ್ಕ ಆರುನೂರಕ್ಕೂ ಮಿಗಿಲಾದ ಮೆಟ್ಟಿಲುಗಳಲ್ಲಿ ಅಷ್ಟು ಗೌರವವಿಲ್ಲದೆ, ಮಂಡಿನೋವಿನ ಪಕ್ಷದವರು ಮತವನ್ನು ವಿರುದ್ಧವಾಗಿ ಚಲಾಯಿಸುತ್ತಾರೆ. ಹುಡುಗರು ಶಿವನಸಮುದ್ರವೆನ್ನುತ್ತಾರೆ. ಆ ಕಾವೇರಿಯು 1902ರಷ್ಟು ಹಿಂದೆಯೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಚರಿತ್ರೆಯನ್ನು ನಾನು ಸವಿಸ್ತಾರವಾಗಿ ಹೇಳತೊಡಗುವಷ್ಟರಲ್ಲಿ, ಬೇಸಿಗೆಯಲ್ಲಿ ಅಲ್ಲಿ ನೋಡಲು ಬಂಡೆಯ ಹೊರತು ಏನಿದೆಯೆಂದು ಯಾರೋ ಕೇಳಿ, ನನ್ನ ಚರಿತ್ರೆಯೂ ಜಲಪಾತವೂ ಒಟ್ಟಿಗೆ ಬತ್ತಿಹೋಗುತ್ತವೆ. ಮೈಸೂರೆಂದರೆ ಚಾಮುಂಡಿಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಕನ್ನಂಬಾಡಿಯ ಕಾರಂಜಿ ಇಷ್ಟನ್ನೂ ಒಂದೇ ಹಗಲಿನಲ್ಲಿ ಮುಗಿಸತಕ್ಕ ದಿಗ್ವಿಜಯ. ಅದರಲ್ಲಿ ನಿಜವಾಗಿ ಎಲ್ಲರ ಮನಸ್ಸಿನಲ್ಲಿ ಉಳಿಯುವುದು ಮದ್ದೂರಿನ ವಡೆಯೊಂದೇ. ಇನ್ನು ಪ್ರತಿ ವಾರವೂ ತಪ್ಪದೆ ಜೋಗವನ್ನು ಸೂಚಿಸುವ ಭಾವಮೈದುನನೊಬ್ಬನುಂಟು. ಎಂಟುನೂರ ಮೂವತ್ತು ಅಡಿ ಎತ್ತರದಿಂದ ಬೀಳುವ ಶರಾವತಿಯನ್ನು ಕಾಣಲು ಒಂದು ಹಗಲು ಹೋಗುವುದಕ್ಕೂ ಇನ್ನೊಂದು ಹಗಲು ಬರುವುದಕ್ಕೂ ಬೇಕೆಂಬುದನ್ನು ಅವನು ಬಲ್ಲನು. ತನ್ನ ಸೂಚನೆ ಎಂದಿಗೂ ಅಂಗೀಕೃತವಾಗದೆಂಬ ದೃಢವಾದ ನಂಬಿಕೆಯೇ ಅವನ ಔದಾರ್ಯಕ್ಕೆ ಆಧಾರ.

ಹೀಗೆ ವಾದವಿವಾದಗಳಿಂದ ಸಭೆ ಬಳಲಿದ ಘಳಿಗೆಯಲ್ಲಿ, ಯಾರೂ ಸೂಚಿಸದೆ, ಯಾರೂ ಅನುಮೋದಿಸದೆ, ತಾನಾಗಿ ಸ್ವೀಕೃತವಾಗುವ ನಿರ್ಣಯವೇ ನಂದಿಬೆಟ್ಟ.

ನಂದಿಬೆಟ್ಟಕ್ಕೆ ಬೆಂಗಳೂರಿನಿಂದ ಸುಮಾರು ಅರವತ್ತು ಕಿಲೋಮೀಟರು; ಸಮುದ್ರಮಟ್ಟದಿಂದ ಅದರ ಎತ್ತರ 1478 ಮೀಟರು. ಹಗಲಿನಲ್ಲಿ ಯಾವ ಹೊತ್ತಿಗಾದರೂ ಹೋಗಿ ಬರಬಹುದಾದ ಇಂಥ ಸ್ಥಳಕ್ಕೆ ಬ್ರಾಹ್ಮೀ ಮುಹೂರ್ತಕ್ಕೂ ಮೊದಲೇ ಹೊರಡಬೇಕೆಂಬ ವಿಧಿಯನ್ನು ಯಾವ ಸ್ಮೃತಿಕಾರರು ಮಾಡಿದರೋ ತಿಳಿಯದು. ಮನೆಯ ಮಹಡಿಯ ಮೇಲೆ ಪ್ರತಿದಿನವೂ ಪುಕ್ಕಟೆಯಾಗಿ ನಡೆಯುವ ಸೂರ್ಯೋದಯವನ್ನು ಜನ್ಮದಲ್ಲಿ ಕಣ್ಣೆತ್ತಿ ನೋಡದ ಗೃಹಸ್ಥನು, ಭಾನುವಾರದ ದಿನ ಅದೇ ಸೂರ್ಯನ ದರ್ಶನಕ್ಕಾಗಿ ಮೂರು ಗಂಟೆಗೆ ಏಳುತ್ತಾನೆ, ಮಕ್ಕಳನ್ನು ನಿದ್ದೆಗಣ್ಣಿನಲ್ಲಿಯೇ ಕಂಬಳಿಯಲ್ಲಿ ಸುತ್ತಿ ಕಾರಿಗೆ ತುಂಬುತ್ತಾನೆ, ಮತ್ತು ಬೆಟ್ಟದ ಬಾಗಿಲು ಇನ್ನೂ ತೆರೆಯದಿರುವಾಗಲೇ ತನಗಿಂತ ಭಕ್ತಿಯಲ್ಲಿ ಒಂದು ಕೈ ಮೇಲಾದವರ ವಾಹನಗಳ ಹಿಂದೆ ಸಾಲಿನಲ್ಲಿ ನಿಂತು ಕೊರಗುತ್ತಾನೆ. ಮೇಲೆ ತಲಪಿದರೆ ಅಲ್ಲಿ ಮೋಡ. ಸೂರ್ಯನು ಆ ಮೋಡದ ಹಿಂದೆ ಎಲ್ಲಿಯೋ ಉದಯಿಸಿದನೆಂಬುದು ಗಡಿಯಾರವನ್ನು ನೋಡಿ ತಿಳಿಯತಕ್ಕ ಸಂಗತಿ. ಆದರೂ ಯಾರೂ ಎದೆಗುಂದುವುದಿಲ್ಲ. ಸಹಸ್ರಾವಧಿ ಮೊಬೈಲುಗಳು ಏಕಕಾಲಕ್ಕೆ ಆ ಬೆಳ್ಳನೆಯ ಶೂನ್ಯದತ್ತ ಚಾಚುತ್ತವೆ. ಏನೂ ಕಾಣದ ಚಿತ್ರಗಳು ಏನನ್ನೂ ಕೇಳದ ಬಂಧುಗಳಿಗೆ ಆ ಕ್ಷಣವೇ ರವಾನೆಯಾಗುತ್ತವೆ.

ಅಲ್ಲಿನ ಕಪಿಗಳ ಪ್ರಸ್ತಾಪವನ್ನು ಮಾಡದೆ ಮುಂದುವರಿದರೆ ಕೃತಘ್ನತೆಯಾದೀತು. ಸ್ಥೂಲಕಾಯದ ಕಪಿಯೊಂದು ನನ್ನ ಕಣ್ಣೆದುರಿಗೇ ಒಬ್ಬ ತರುಣನ ಕೈಯಿಂದ ಆಲೂಗಡ್ಡೆ ಚಿಪ್ಸಿನ ಪೊಟ್ಟಣವನ್ನು ಯಾವ ಆತುರವೂ ಇಲ್ಲದೆ ಸ್ವೀಕರಿಸಿ, ಕಟ್ಟೆಯ ಮೇಲೆ ಕುಳಿತು, ಅದರ ಮೇಲಂಚನ್ನು ಎರಡು ಬೆರಳುಗಳಿಂದ ಹಿಡಿದು ನೇರವಾಗಿ ಸೀಳಿ, ಒಂದೊಂದೇ ಬಿಲ್ಲೆಯನ್ನು ತೆಗೆದು, ಅದರ ಮೇಲಿನ ಖಾರದ ಪುಡಿಯನ್ನು ಹೊಟ್ಟೆಯ ರೋಮಕ್ಕೆ ಒರಸಿಕೊಂಡು, ಬಳಿಕ ತಿಂದಿತು. ಅಂದು ಬೆಟ್ಟದ ಮೇಲೆ ನಿಜವಾಗಿ ವಿರಾಮವನ್ನು ಅನುಭವಿಸುತ್ತಿದ್ದ ಪ್ರಾಣಿ ಅದೊಂದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಹಿಂದಿನವರು ಹೀಗೆ ಬರುತ್ತಿರಲಿಲ್ಲ. ಟಿಪ್ಪುವಿಗೆ ಇದು ಕೋಟೆಯೂ ಬೇಸಿಗೆಯ ಬಿಡಾರವೂ ಆಗಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬನು ಇಲ್ಲಿ ಬಂಗಲೆಯನ್ನೇ ಕಟ್ಟಿಸಿಕೊಂಡು ಬೆಂಗಳೂರಿನ ಸೆಖೆಯನ್ನು ಕೆಳಗೆ ಬಿಟ್ಟು ಬರುತ್ತಿದ್ದನು. ಮಹಾತ್ಮ ಗಾಂಧಿಯವರು 1927ರಲ್ಲಿ ಅಸ್ವಸ್ಥರಾದಾಗ ಇಲ್ಲಿಗೆ ಬಂದು ವಾರಗಟ್ಟಲೆ ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಇವರಲ್ಲಿ ಯಾರೊಬ್ಬರೂ ಬೆಳಗಿನ ಆರು ಗಂಟೆಗೆ ಏರಿ ಎಂಟೂವರೆಗೆ ಇಳಿದು, ಹೆದ್ದಾರಿಯ ಹೋಟೆಲಿನಲ್ಲಿ ಇಡ್ಲಿ ಮುಗಿಯುವ ಮೊದಲೇ ಮೇಜು ಹಿಡಿಯಬೇಕೆಂಬ ಧಾವಂತದಲ್ಲಿ ಬದುಕಿದವರಲ್ಲ. ನಾವೋ ವಾರಗಳ ಆರಾಮವನ್ನು ಗಂಟೆಗಳಿಗೆ ಇಳಿಸಿಕೊಂಡು, ಆ ಗಂಟೆಗಳಲ್ಲಿಯೂ ಅರ್ಧವನ್ನು ವಾಹನ ನಿಲ್ಲಿಸುವ ಜಾಗ ಹುಡುಕುವುದಕ್ಕೆ ಸಮರ್ಪಿಸಿರುವ ಜನ.

ಈ ಬೆಟ್ಟದ ಸ್ಥಳಪುರಾಣದಲ್ಲಿ ಒಂದು ಸ್ವಾರಸ್ಯವಿದೆ. ಶಿಖರದ ಮೇಲಿನ ಗುಡಿಯಲ್ಲಿರುವ ಶಿವನು ಯೋಗನಂದೀಶ್ವರ. ಸರ್ವಸಂಗವನ್ನೂ ಪರಿತ್ಯಜಿಸಿದವನಾದ್ದರಿಂದ ಅವನಿಗೆ ಉತ್ಸವಗಳಿಲ್ಲ, ಸಂಭ್ರಮವಿಲ್ಲ. ಬೆಟ್ಟದ ಬುಡದ ನಂದಿಗ್ರಾಮದಲ್ಲಿ ಅದೇ ಶಿವನು ಎರಡು ರೂಪಗಳಲ್ಲಿ ಪಕ್ಕಪಕ್ಕದಲ್ಲಿ ನೆಲಸಿದ್ದಾನೆ: ಅರುಣಾಚಲೇಶ್ವರನೆಂದು ಬಾಲ್ಯದಲ್ಲಿ, ಭೋಗನಂದೀಶ್ವರನೆಂದು ಯೌವನದಲ್ಲಿ. ಮದುವೆ, ವಾದ್ಯ, ರಥ, ಶಿವರಾತ್ರಿಯ ಜಾತ್ರೆ ಎಲ್ಲವೂ ಕೆಳಗಿನವನಿಗೆ ಸಲ್ಲತಕ್ಕವು. ಏರ್ಪಾಟು ಎಷ್ಟು ವಿವೇಕಯುತವಾದುದು ನೋಡಿ! ಸಂಸಾರಿಗಳು ಕೆಳಗೆ ಸುಖವಾಗಿರಲಿ, ವಿರಾಗಿಯನ್ನು ಮೇಲೆ ಅವನ ಪಾಡಿಗೆ ಬಿಡಲಿ ಎಂದು ಹಿರಿಯರು ಮಾಡಿದ ಈ ವಿಭಾಗವನ್ನು ನಮ್ಮ ಕಾಲದ ಭಾನುವಾರವು ತಲೆಕೆಳಗು ಮಾಡಿದೆ. ಐಸ್‌ಕ್ರೀಮು, ಸುಟ್ಟ ಜೋಳ, ಹುಟ್ಟುಹಬ್ಬದ ಕೇಕು, ಬೈಕುಗಳ ಆರ್ಭಟ ಇವೆಲ್ಲವೂ ಉತ್ಸವವೇ ಬೇಡವೆಂದು ಬೆಟ್ಟವೇರಿ ಕುಳಿತ ಪಾಪದ ಯೋಗಿಯ ನೆತ್ತಿಯ ಮೇಲೆ ನಡೆಯುತ್ತಿದ್ದರೆ, ಸಂಭ್ರಮ ಬೇಕೆಂದು ಕಾದಿರುವ ಭೋಗನಂದಿಯ ಅಂಗಳದಲ್ಲಿ ಪಾರಿವಾಳಗಳು ನಿರ್ವಿಘ್ನವಾಗಿ ತಿರುಗಾಡುತ್ತಿರುತ್ತವೆ.

ಹೀಗಾಗಿ ನಾನು ನನ್ನ ಮನೆಯವರನ್ನು ಮೇಲಕ್ಕೆ ಬೀಳ್ಕೊಟ್ಟು ಕೆಳಗೆ ಉಳಿಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುವ ಆ ದೇವಾಲಯದ ಮೇಲೆ ನೊಳಂಬರಿಂದ ವಿಜಯನಗರದವರವರೆಗೆ ಅನೇಕ ಅರಸುಮನೆತನಗಳ ಕೈಯಾಡಿದೆ. ಯಾರು ಯಾವ ಕಂಬವನ್ನು ನಿಲ್ಲಿಸಿದರೆಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಟ್ಟು, ನಾನು ಎರಡು ಗುಡಿಗಳ ನಡುವಣ ಕಲ್ಯಾಣಮಂಟಪದ ಬಳಿ ಕೂರುತ್ತೇನೆ. ನುಣ್ಣನೆಯ ಕಪ್ಪು ಕಲ್ಲಿನ ಅದರ ಕಂಬಗಳಲ್ಲಿ ದೇವತೆಗಳೆಲ್ಲರೂ ಸಪತ್ನೀಕರಾಗಿ ಬಂದಿದ್ದಾರೆ: ಶಿವನೊಡನೆ ಪಾರ್ವತಿ, ಬ್ರಹ್ಮನೊಡನೆ ಸರಸ್ವತಿ, ವಿಷ್ಣುವಿನೊಡನೆ ಲಕ್ಷ್ಮಿ. ಪ್ರತಿ ಮದುವೆಯಲ್ಲಿಯೂ ಹೋಮಕುಂಡದಲ್ಲಿ ದುಡಿದು ಬಳಲುವ ಅಗ್ನಿಯೂ ಇಲ್ಲಿ ಮಾತ್ರ ಸ್ವಾಹಾದೇವಿಯನ್ನು ಕರೆದುಕೊಂಡು ಅತಿಥಿಯಾಗಿ ಬಂದಿರುವುದನ್ನು ಕಂಡಾಗ, ಅದನ್ನು ಕಡೆದ ಶಿಲ್ಪಿಯು ದೊಡ್ಡ ಮನಸ್ಸಿನವನೂ ಲೋಕಾನುಭವಿಯೂ ಆಗಿದ್ದನೆಂದು ತೋರುತ್ತದೆ. ಅವರಲ್ಲಿ ಯಾರಿಗೂ ಸಂಜೆಯೊಳಗೆ ಬೆಂಗಳೂರು ಸೇರುವ ಆತುರವಿಲ್ಲ. ಗೋಡೆಯ ಜಾಲಂಧ್ರಗಳಲ್ಲಿ ನಟರಾಜನೊಬ್ಬನು ಕುಣಿಯುತ್ತಿದ್ದಾನೆ. ಅವನ ಕಾಲುಗಳ ಸಂದಿನಿಂದ ಬಂದ ಬಿಸಿಲು ಒಳಗಿನ ನೆಲದ ಮೇಲೆ ಬಿದ್ದು ಮೆಲ್ಲಮೆಲ್ಲನೆ ಸರಿಯುವುದನ್ನು ನೋಡುತ್ತ ಕುಳಿತರೆ, ಮೇಲೆ ಹೋದವರು ತಪ್ಪಿಸಿಕೊಂಡ ಸೂರ್ಯೋದಯವು ನನಗೆ ಕಂತುಗಳಲ್ಲಿ ಸಂದಾಯವಾಗುತ್ತದೆ. ಬೇಸರವಾದರೆ ಶೃಂಗಿತೀರ್ಥದ ಮೆಟ್ಟಿಲುಗಳುಂಟು. ನಂದಿಯು ತನ್ನ ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿದ ತಾಣವೆಂದು ಆ ಕಲ್ಯಾಣಿಯ ಖ್ಯಾತಿ.

ವಿರಾಮದ ಪ್ರವಾಸವೆಂದರೆ ಇಷ್ಟೇ ಸಾಕೆಂದು ನನ್ನ ಮತ. ಒಂದು ದಿನ, ಒಂದು ಸ್ಥಳ. ಹೋದಲ್ಲಿ ನೋಡಬೇಕಾದುದಕ್ಕಿಂತ ಕೂರಬೇಕಾದುದು ಹೆಚ್ಚಾಗಿರಬೇಕು. ಹಾಸನದ ಕಡೆಗೆ ಹೊರಟರೆ ಬೇಲೂರು, ಹಳೇಬೀಡು, ಬೆಳಗೊಳ ಮೂರನ್ನೂ ಸೂರ್ಯಾಸ್ತದೊಳಗೆ ಗೆಲ್ಲುವವರನ್ನು ನಾನು ಬಲ್ಲೆ. ಮರುದಿನ ಅವರಿಗೆ ಯಾವ ಮದನಿಕೆ ಯಾವ ಊರಿನವಳೆಂಬುದು ನೆನಪಿರುವುದಿಲ್ಲ, ಕಾರಿನ ಪೆಟ್ರೋಲಿನ ಲೆಕ್ಕವು ಮಾತ್ರ ಪೈಸೆ ಸಹಿತ ಬಾಯಿಗೆ ಬರುತ್ತದೆ. ಕಾರಿಲ್ಲದವರೂ ಮರುಗಬೇಕಾಗಿಲ್ಲ. ಚಿಕ್ಕಬಳ್ಳಾಪುರದ ದಾರಿಯಲ್ಲಿ ನಂದಿ ಹಾಲ್ಟ್ ಎಂಬ ಪುಟ್ಟ ರೈಲುನಿಲ್ದಾಣವು ಪುಟ್ಟರೈಲಿನ ಕಾಲದಿಂದಲೂ ಇದೆ; ಮೇಲೇರಲೇಬೇಕೆಂಬ ಹಟವಿದ್ದವರಿಗೆ ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮಿಗಿಲಾದ ಕಲ್ಲುಮೆಟ್ಟಿಲುಗಳ ಹಳೆಯ ಹಾದಿಯೂ ಉಂಟು, ಅಲ್ಲಿ ವಾಹನಗಳ ಸಾಲಿಲ್ಲ.

ಇಷ್ಟನ್ನು ಬರೆದ ಮೇಲೆ ನನಗೊಂದು ಭಯ ಹುಟ್ಟಿದೆ. ಓದುಗ ಮಹಾಶಯರೇ, ಭೋಗನಂದಿಗೆ ಅವಶ್ಯವಾಗಿ ಹೋಗಿರಿ. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಬುತ್ತಿಯನ್ನು ಹೊರಗಿನ ಮರದ ನೆರಳಿನಲ್ಲಿ ಬಿಚ್ಚಿರಿ, ಕಂಬಗಳಿಗೆ ಒರಗಿ ಎಣ್ಣೆಯ ತಲೆಯ ಗುರುತು ಮಾಡಬೇಡಿರಿ, ಮತ್ತು ದಯವಿಟ್ಟು ಎಲ್ಲರೂ ಒಂದೇ ಭಾನುವಾರ ಬರಬೇಡಿರಿ.