ಒಪ್ಪಿಗೆ ಕೊಡುವ ಕೂಸು

ಎಂಟು ವರ್ಷದ ಬಾಲಕನನ್ನು ದತ್ತು ಪಡೆಯಲು ಕಡಲಾಚೆಯಿಂದ ಬರುವ ದಂಪತಿಗಳ ವಿಚಾರ ನಮ್ಮ ಹಟ್ಟಿಯ ಚಹಾದಂಗಡಿಯಲ್ಲಿ ಎದ್ದಾಗ, ಚಿನ್ನದ ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರು, "ಇದ್ಯಾವ ದೊಡ್ಡ ಮಾತೋ ತಮ್ಮಾ, ಹಳೇ ಮುಂಬಯಿ ಸೀಮ್ಯಾಗ ಹೆಂಡ್ತಿ ಮಕ್ಕಳಿದ್ದವನೂ ದತ್ತಕ ಹೋಗತಿದ್ದ" ಎಂದು ಅಪ್ಪಣೆ ಕೊಡಿಸಿದರು. 1956ರ ಹಿಂದೂ ದತ್ತಕ ಕಾಯಿದೆಯು, ರೂಢಿಯಿದ್ದ ಕಡೆಗಳನ್ನುಳಿದು, 15 ತುಂಬಿದವರಿಗೆ ಬಾಗಿಲು ಮುಚ್ಚಿತು. ಈಗಿನ ನಿಯಮವಾದರೋ ಐದು ದಾಟಿದ ಕೂಸಿನ ಒಪ್ಪಿಗೆಯನ್ನೂ ಕೇಳುವುದರಿಂದ, ಪರೀಕ್ಷೆಗೆ ಕೂಡುವವರು ತಾಯಿತಂದೆಗಳೇ. ಪುಂಡಿಪಲ್ಯ, ಶೇಂಗಾಹಿಂಡಿಗಳಿಲ್ಲದ ಊಟವನ್ನು ಊಟವೆಂದೇ ಎಣಿಸದ ನಮ್ಮ ಕಡೆಯ ಹುಡುಗನ ಮುಂದೆ ಹಿಮದ ನಾಡಿನ ಆ ಮಾತೆಯು ಜ್ವಾಳದ ರೊಟ್ಟಿ ಬಡಿಯಲು ಕುಳಿತು, ಹಂಚಿಗೆ ಹಾಕುವಷ್ಟರಲ್ಲಿ ಅದು ಮೂರು ತುಂಡಾದರೆ, ಪರೀಕ್ಷಕ ಮಹಾಶಯನು ಒಪ್ಪಿಗೆಯನ್ನು ಇನ್ನೊಂದು ವಾರ ಮುಂದೂಡಿಯಾನು.