ಮಧುಗಿರಿ ಸೀಮೆಯಲ್ಲಿ ಹಿಮಗೂಬೆ: ಒಂದು ಶಾಸ್ತ್ರೀಯ ಜಿಜ್ಞಾಸೆ

ಚಳಿಗಾಲ ಬಂತೆಂದರೆ ಅಮೆರಿಕದ ನೆಂಟರು ಬೇಲಿಗೂಟದ ಮೇಲೆ ಕೂತ ಹಿಮಗೂಬೆಯ ಫೋಟೊ ಕಳಿಸುತ್ತಾರೆ. ಅದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಏಕೆ ಬರುವುದಿಲ್ಲವೆಂದು ವಿದ್ವಾಂಸರಾರೂ ತಲೆ ಕೆಡಿಸಿಕೊಂಡಂತಿಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

ಮೊದಲು ಪೂರ್ವಪಕ್ಷ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಈ ಗೂಬೆಗೆ ಬೇಕಾದದ್ದು ಮರವಿಲ್ಲದ ಬಯಲು, ಕೂರಲು ದಿಬ್ಬ, ತಿನ್ನಲು ಇಲಿಜಾತಿ. ಬಯಲು ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿದೆ. ದಿಬ್ಬಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟವೇ ಇದೆ. ಇಲಿಯ ವಿಷಯ ಕಡಲೆಕಾಯಿ ಬೆಳೆದವರನ್ನು ಕೇಳಿ. ಇಲ್ಲದ್ದು ಹಿಮವೊಂದೇ, ಹಾಗೆಂದು ಹವಾಮಾನದ ಮೇಲೆ ಗೂಬೆ ಕೂರಿಸುವುದು ಶಾಸ್ತ್ರಸಮ್ಮತವಲ್ಲ.

ನಿಜವಾದ ತೊಡಕು ದಾಯಾದಿ ಕಲಹ. ಹಿಮಗೂಬೆಯೂ ನಮ್ಮ ಕೊಂಬಿನ ಗೂಬೆಯೂ 'ಬೂಬೊ' ಎಂಬ ಒಂದೇ ಕುಲದವು. ಕೊರಟಗೆರೆ ಕಡೆಯ ಬಂಡೆಸಂದು, ಕುರುಚಲು ಕಾಡುಗಳಂಥ ಜಾಗವೆಂದರೆ ಕೊಂಬಿನ ಗೂಬೆಗೆ ಪಿತ್ರಾರ್ಜಿತ ಆಸ್ತಿ. ಪಾಲು ಕೇಳಲು ಬಂದವರನ್ನು ಅದು ಹುಬ್ಬುಗಂಟಿಕ್ಕಿ ನೋಡುವ ರೀತಿ ಕಂಡರೆ ತಾಲ್ಲೂಕು ಕಚೇರಿಯವರೂ ಹಿಂದೆ ಸರಿದಾರು.

ಇನ್ನು ಪ್ರತ್ಯಕ್ಷ ಪ್ರಮಾಣ. "ಕಂಡಿವ್ನಿ ಸ್ವಾಮಿ, ಸುಣ್ಣ ಬಳ್ದಂಗಿತ್ತು" ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಹಿಮಗೂಬೆ ಹಗಲಲ್ಲೂ ಬೇಟೆಯಾಡುವಂಥದ್ದು. ಇವರು ಕಂಡಿದ್ದು ರಾತ್ರಿ, ಬೈಕಿನ ಬೆಳಕಿನಲ್ಲಿ. ರೆಕ್ಕೆಯ ಸದ್ದೇ ಇಲ್ಲದೆ ತಲೆಯ ಮೇಲೆ ಹಾದ ಬಿಳಿ ಹೊಟ್ಟೆ, ವೀಳ್ಯದೆಲೆಯಾಕಾರದ ಮುಖ, ಆಮೇಲೊಂದು ಕರ್ಕಶ ಕಿರುಚಾಟ. ಅದು ಕಣಜದ ಗೂಬೆ. ನೋಡಿದವನು ಮನೆ ಮುಟ್ಟುವಷ್ಟರಲ್ಲಿ ಹಕ್ಕಿಯ ಗಾತ್ರ ಇಮ್ಮಡಿಯಾಗುತ್ತದೆಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಅತ್ತ ಮಧ್ಯ ಏಷ್ಯಾದ ಬಯಲುಗಳಿಂದ ಸಾವಿರಾರು ಕಿಲೋಮೀಟರು ಹಾರಿ ಬರುವ ಸೆಳೆವ ಎಂಬ ಬೇಟೆಹಕ್ಕಿಯ ಪಾಡು ನೋಡಿ. ಗಂಡು ಮಾಸಲು ಬಿಳಿ, ರೆಕ್ಕೆಯ ತುದಿಗೆ ಕಪ್ಪು. ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲಿ, ತಟ್ಟನೆ ತಿರುಗಿ, ಕಾಲು ಚಾಚಿ ಕೆಳಗಿಳಿಯುತ್ತದೆ. ಸಂಶೋಧಕರು ಅದನ್ನು ದುರ್ಬೀನಿನಲ್ಲಿ ಕಣ್ತುಂಬ ನೋಡಿ, "ಗೂಬೆಯಲ್ಲ" ಎಂದು ಟಿಪ್ಪಣಿ ಬರೆದು ತಟ್ಟೆ ಇಡ್ಲಿಗೆ ಹೊರಡುತ್ತಾರೆ.

ಪಾವಗಡದ ಮಾತು ಬೇಗ ಮುಗಿಸೋಣ. ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೌರಫಲಕ ಮೇಲಿನಿಂದ ಹಿಮದ ಹಾಳೆಯಂತೆ ಕಂಡೀತು. ಇಳಿದರೆ ಕಾಲು ಸುಟ್ಟೀತು. ಮೇಲಾಗಿ ಅಲ್ಲಿರುವುದು ಶನಿಮಹಾತ್ಮನ ಸನ್ನಿಧಿ. ಕಾಗೆಯನ್ನು ಬಿಟ್ಟು ಇನ್ನೊಂದು ಪಕ್ಷಿಯನ್ನು ಗಣ್ಯವೆನ್ನುವ ಧೈರ್ಯ ಈ ಲೇಖಕನಿಗಿಲ್ಲ.

ಉಳಿದದ್ದು ಹಿಮದ ಆಕ್ಷೇಪ. ಅದನ್ನು ಶಿರಾ ತಾಲ್ಲೂಕಿನ ಕಗ್ಗಲಡು ಖಂಡಿಸುತ್ತದೆ. ಚಳಿ ಇಳಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಹೂಡುತ್ತವೆ. ದೊಡ್ಡವು ಕೊಕ್ಕು ಪಟಪಟಿಸುತ್ತವೆ, ಮರಿಗಳು ಮೀನಿಗಾಗಿ ರಚ್ಚೆ ಹಿಡಿಯುತ್ತವೆ, ಕೆಳಗಿನ ಎಲೆ, ಕೊಂಬೆ, ಸೂರು ಎಲ್ಲ ಬೆಳ್ಳಗಾಗುತ್ತದೆ. ಇದು ಹಿಮಪಾತವಲ್ಲವೆಂದು ಸಾಧಿಸುವ ಭಾರ ಪ್ರತಿವಾದಿಗಳದು. ಮರದಡಿ ನಿಂತು, ತಲೆಯೆತ್ತಿ "ಆಹಾ!" ಎನ್ನಬಯಸುವ ವಿದ್ವಾಂಸರು ಬಾಯಿ ಮುಚ್ಚಿಕೊಂಡೇ ಆ ಉದ್ಗಾರ ತೆಗೆಯತಕ್ಕದ್ದು.